ತೊಟ್ಟಿ ತುಂಬಿದರೂ ಮೋಟಾರು ನಿಲ್ಲುತ್ತಿರಲಿಲ್ಲ

ತೋಟದ ಬೋರ್‌ವೆಲ್ ಮೋಟಾರಿಗೆ ಆರ್ಡುಯಿನೊ (ಕೋಡ್ ಬರೆದು ನಡೆಸುವ ಪುಟ್ಟ ಬೋರ್ಡ್) ಬಳಸಿ ನಾನೇ ಒಂದು ಕಂಟ್ರೋಲರ್ ಮಾಡಿದ್ದೆ. ತೊಟ್ಟಿ ಖಾಲಿಯಾದರೆ ಫ್ಲೋಟ್ ಸ್ವಿಚ್ ಕೂಡುತ್ತದೆ, ಮೋಟಾರು ಆನ್. ತುಂಬಿದರೆ ಬಿಡುತ್ತದೆ, ಆಫ್. ಮನೆಯಲ್ಲಿ ಮೇಜಿನ ಮೇಲೆ ಎರಡು ವಾರ ಒಮ್ಮೆಯೂ ತಪ್ಪಲಿಲ್ಲ. ತೋಟದಲ್ಲಿ ಕೂರಿಸಿದ ಮೊದಲ ರಾತ್ರಿಯೇ ತೊಟ್ಟಿ ಉಕ್ಕಿ ಅಡಿಕೆ ಸಾಲಿನಲ್ಲೆಲ್ಲ ನೀರು ನಿಂತಿತ್ತು.

ಫ್ಲೋಟ್ ಕೆಟ್ಟಿರಬೇಕು ಅಂದುಕೊಂಡೆ. ಮೋಟಾರು ಆಫ್ ಮಾಡಿ ಕೈಯಲ್ಲಿ ಎತ್ತಿ ಇಳಿಸಿ ನೋಡಿದರೆ ಸರಿಯಾಗಿಯೇ ಇತ್ತು. ಎರಡು ದಿನ ಸುಮ್ನೆ ಕೋಡ್ ತಿದ್ದಿದೆ. ಕೊನೆಗೆ ಮೋಟಾರು ಓಡುತ್ತಿರುವಾಗಲೇ, ಫ್ಲೋಟ್ ಬಿಟ್ಟಿರುವಂತೆ ಎತ್ತಿ ಕಟ್ಟಿ, ಅದರ ವಯರಿಗೆ ಮಲ್ಟಿಮೀಟರ್ ಹಿಡಿದೆ, ಎಸಿ ರೇಂಜಿನಲ್ಲಿ. ಹತ್ತಿರ ಹತ್ತಿರ 3 ವೋಲ್ಟ್!

ಪೈಪಿನ ಖರ್ಚು ಉಳಿಯಲಿ ಅಂತ ಆ 200 ಅಡಿ ವಯರನ್ನು ಮೋಟಾರಿನ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಎಳೆದಿದ್ದೆ. ಎರಡು ವಯರು ಅಷ್ಟು ಉದ್ದ ಮೈಗೆ ಮೈ ತಾಗಿಸಿಕೊಂಡು ಹೋದರೆ ನಡುವಿನ ಪ್ಲಾಸ್ಟಿಕ್ ಸೇರಿ ಅದೇ ಒಂದು ಕೆಪಾಸಿಟರ್ ಆಗುತ್ತದೆ, ಎಸಿ ಕರೆಂಟ್ ಅದನ್ನು ಸ್ವಲ್ಪ ದಾಟಿಬಿಡುತ್ತದೆ. ಅದರಲ್ಲಿ ಹರಿಯುವುದು 0.1 ಮಿಲಿಆಂಪ್ ಅಷ್ಟೇ, ಆದರೆ ನಾನು ನಂಬಿದ್ದು ಚಿಪ್‌ನ ಒಳಗಿನ ಪುಲ್-ಅಪ್ ಅನ್ನು (ಸ್ವಿಚ್ ಬಿಟ್ಟಾಗ ಪಿನ್ನಿನ ವೋಲ್ಟೇಜನ್ನು ಮೇಲೆ ಹಿಡಿದಿಡುವ ರೆಸಿಸ್ಟರ್), ಅದು 20ರಿಂದ 50 ಕಿಲೋಓಮ್ ಇರುತ್ತದೆ. 30 ಅಂತ ಹಿಡಿದರೂ 3 ವೋಲ್ಟ್ ಆಯಿತಲ್ವಾ? ಸೆಕೆಂಡಿಗೆ 50 ಸಲ ಪಿನ್ನಿನ ವೋಲ್ಟೇಜ್ ಕೆಳಗೆ ಬೀಳುತ್ತಿತ್ತು, ಪ್ರತಿ ಸಲವೂ ಚಿಪ್‌ಗೆ ಸ್ವಿಚ್ ಕೂಡಿದಂತೆ ಕಾಣುತ್ತಿತ್ತು. 'ಒಂದು ಸೆಕೆಂಡ್ ಪೂರ್ತಿ ಬಿಟ್ಟಿದ್ದರೆ ಮಾತ್ರ ನಿಲ್ಲಿಸು' ಅನ್ನುವ ನನ್ನ ಕೋಡಿಗೆ ಆ ಒಂದು ಸೆಕೆಂಡ್ ಸಿಗುತ್ತಲೇ ಇರಲಿಲ್ಲ.

ಹೊರಗಡೆ 1 ಕಿಲೋಓಮ್ ಪುಲ್-ಅಪ್ ಹಾಕಿದೆ. 3 ವೋಲ್ಟ್ ಇದ್ದದ್ದು 0.1ಕ್ಕೆ ಇಳಿಯಿತು. ಒಂದು ರೆಸಿಸ್ಟರ್, ಅಷ್ಟೇ! ಆದರೂ ಮನಸ್ಸು ಒಪ್ಪಲಿಲ್ಲ, ಒಂದಿಡೀ ದಿನ ಅಗೆದು ಎರಡಡಿ ದೂರದಲ್ಲಿ ಬೇರೆ ಪೈಪ್ ಹಾಕಿ, ಒಂದಕ್ಕೊಂದು ಹೊಸೆದ ಜೋಡಿ ವಯರು ಎಳೆದೆ. ಇದನ್ನು ಮೊದಲೇ ಮಾಡಬೇಕಿತ್ತು.

ಇನ್ನೊಂದು ಕಾಟ ಉಳಿದಿತ್ತು. ಸ್ಟಾರ್ಟರಿನ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ರಿಲೇ) ಬಿಟ್ಟಾಗಲೆಲ್ಲ ಬೋರ್ಡ್ ರೀಸೆಟ್ ಆಗುತ್ತಿತ್ತು. ಕಾಯಿಲ್ ಬಿಡುವಾಗ ಏಳುವ ವೋಲ್ಟೇಜ್ ಹೊಡೆತ ತಡೆಯಲು ನನ್ನ ಬೋರ್ಡಿನ ಪುಟ್ಟ ರಿಲೇಗೆ 1ಎನ್4007 ಡಯೋಡ್ ಇತ್ತು, ಆದರೆ ಕಾಂಟ್ಯಾಕ್ಟರಿನ ಕಾಯಿಲ್ 230 ವೋಲ್ಟ್ ಎಸಿ, ಅಲ್ಲಿ ಡಯೋಡ್ ಹಾಕುವ ಹಾಗಿಲ್ಲ. 100 ಓಮ್ ಜೊತೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿ ಬೇಕು. ಕೆಪಾಸಿಟರ್ ಎಕ್ಸ್2 ಅಂತ ಗುರುತಿರುವ 275 ವೋಲ್ಟ್ ಎಸಿಯದೇ ಆಗಬೇಕು, ಬೇರೆ ಯಾವುದನ್ನೋ ದಯವಿಟ್ಟು ಹಾಕಬೇಡಿ. ಮೊದಲು ಅದನ್ನು ಬೋರ್ಡಿನ ಪಕ್ಕ ಹಾಕಿದ್ದೆ, ರೀಸೆಟ್ ಕಡಿಮೆಯಾಯಿತು, ನಿಲ್ಲಲಿಲ್ಲ. ಮೇನ್ ಆಫ್ ಮಾಡಿ, ಬಿಚ್ಚಿ, ಕಾಯಿಲ್‌ನ ಎರಡು ಟರ್ಮಿನಲ್‌ಗೇ ಸೇರಿಸಿದ ಮೇಲೆ ಪೂರ್ತಿ ನಿಂತಿತು.