ಮೈಲುತುತ್ತದ ಸೂತ್ರದಲ್ಲಿ ಪರಮಾಣುಗಳನ್ನು ಎಣಿಸುವ ಬಗೆ

ಮಳೆಗಾಲದಲ್ಲಿ ತೀರ್ಥಹಳ್ಳಿ, ಸಾಗರದ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗ ಬಾರದಂತೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬೇಕಾಗುವುದು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ. ಪರಮಾಣುಗಳ ಎಣಿಕೆಯನ್ನು ನಮ್ಮ ಮಕ್ಕಳಿಗೆ ಕಲಿಸಲು ಇವುಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚದು.

ಅರಳಿದ ಸುಣ್ಣದ ಸೂತ್ರ ಸಿಎ(ಒಎಚ್)₂. ‘ಸಿಎ’ ಎಂಬ ಎರಡಕ್ಷರಗಳು ಸೇರಿ ಕ್ಯಾಲ್ಸಿಯಂ ಎಂಬ ಒಂದೇ ಧಾತುವನ್ನು ಸೂಚಿಸುತ್ತವೆ; ‘ಒ’ ಎಂದರೆ ಆಮ್ಲಜನಕ, ‘ಎಚ್’ ಎಂದರೆ ಜಲಜನಕ. ಆವರಣದ ಹೊರಗೆ ಕೆಳಗಡೆ ಸಣ್ಣದಾಗಿ ಬರೆದ 2 ಒಳಗಿನ ಎಲ್ಲಕ್ಕೂ ಅನ್ವಯಿಸುವುದರಿಂದ, ಕ್ಯಾಲ್ಸಿಯಂ 1, ಆಮ್ಲಜನಕ 2, ಜಲಜನಕ 2, ಒಟ್ಟು 5 ಪರಮಾಣುಗಳಾಗುತ್ತವೆ.

ಮೈಲುತುತ್ತದ ನೀಲಿ ಹರಳಿನ ಸೂತ್ರ ಸಿಯುಎಸ್ಒ₄·5ಎಚ್₂ಒ; ಇದರಲ್ಲಿ ‘ಸಿಯು’ ಎಂದರೆ ತಾಮ್ರ, ‘ಎಸ್’ ಎಂದರೆ ಗಂಧಕ. ಮಕ್ಕಳು ಹೆಚ್ಚಾಗಿ ತಪ್ಪುವುದು ಇಲ್ಲಿಯೇ: ನಡುವಿನ ಚುಕ್ಕೆಯನ್ನು ಗುಣಾಕಾರವೆಂದು ತಿಳಿಯಬಾರದು, ಅದು ಹರಳಿನೊಳಗೆ ಸೇರಿಕೊಂಡಿರುವ ನೀರನ್ನು ತೋರಿಸುತ್ತದೆ. ಮುಂದಿರುವ 5 ಇಡೀ ನೀರಿನ ಅಣುವಿಗೆ ಸಲ್ಲುವುದರಿಂದ ಜಲಜನಕ 10, ನೀರಿನ ಆಮ್ಲಜನಕ 5. ಅದಕ್ಕೆ ಸಲ್ಫೇಟಿನ (ಎಸ್ಒ₄ ಭಾಗದ) 4 ಕೂಡಿಸಿದರೆ ಆಮ್ಲಜನಕ 9. ತಾಮ್ರ 1, ಗಂಧಕ 1 ಸೇರಿ ಒಟ್ಟು 21. ಹರಳನ್ನು ಬಾಣಲೆಯಂಥ ಪಾತ್ರೆಯಲ್ಲಿ ಚೆನ್ನಾಗಿ ಕಾಯಿಸಿದರೆ ಈ ನೀರೆಲ್ಲ ಹೋಗಿ, ನೀಲಿ ಬಣ್ಣ ಮಾಸಿ, ಸೂತ್ರದಲ್ಲಿ 6 ಪರಮಾಣುಗಳಷ್ಟೇ ಇರುವ ಬಿಳಿ ಪುಡಿ ಉಳಿಯುತ್ತದೆ. ಮೈಲುತುತ್ತ ವಿಷವಾದುದರಿಂದ ಇದನ್ನು ಶಾಲೆಯ ಪ್ರಯೋಗಾಲಯದಲ್ಲಿ ಮಾತ್ರ ಮಾಡಿ ನೋಡಬೇಕು.