ಅನೀಲಿಂಗ್ ಇಲ್ಲದೆ ಎಲ್‌ಟಿ ಗ್ರೇಡ್ ತೆಗೆದದ್ದು: ನನ್ನ ಅನುಭವ

"ಅಣ್ಣಾ, ಅದು ದೊಡ್ಡ ಫೌಂಡ್ರಿಯವರ ಕೆಲಸ ಬಿಡ್ರಿ. ಅನೀಲಿಂಗ್ ಫರ್ನೇಸ್ ಇಲ್ದ ಎಲ್‌ಟಿ ಗ್ರೇಡ್ ಹೆಂಗ ಬರ್ತೈತಿ?"

ಬೆಳಗಾವಿಯ ಉದ್ಯಮಬಾಗದ ಚಹಾದಂಗಡಿಯಲ್ಲಿ ನನಗೆ ಹೀಗೆ ಹೇಳಿದವರು ಐದಾರು ಮಂದಿ. ಎಲ್‌ಟಿ ಗ್ರೇಡ್ ಅಂದರೆ ಕೊರೆಯುವ ಚಳಿಯಲ್ಲೂ ಸುಲಭಕ್ಕೆ ಒಡೆಯದ ಎರಕದ ಕಬ್ಬಿಣ. ಅನೀಲಿಂಗ್ ಅಂದರೆ ಎರಕದ ಪೀಸನ್ನು ಮತ್ತೆ ಕಾಯಿಸಿ ನಿಧಾನ ತಣಿಸುವುದು. ಹೋದ ತಿಂಗಳು ನಮ್ಮ ಮೂವತ್ತೆರಡನೇ ಪೀಸ್ ಪಾಸಾಯಿತು. ಆ ಐದಾರರಲ್ಲಿ ಇಬ್ಬರು ಈಗ ಫೋನ್ ಮಾಡಿ "ಸಿಲಿಕಾನ್ ಎಷ್ಟ ಇಟ್ಟೀರಿ?" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ಜಾಬ್ ಇಷ್ಟೇ. ಗಾಳಿಯಂತ್ರದ ತಲೆಯನ್ನು ಗಾಳಿ ಬರುವ ಕಡೆಗೆ ತಿರುಗಿಸುವ 'ಯಾ' (yaw) ಗೇರ್‌ಬಾಕ್ಸ್ ಇರುತ್ತದಲ್ಲ, ಅದರ ಹೌಸಿಂಗ್, ಅಂದರೆ ಹೊರಕವಚ. ಸುಮಾರು 190 ಕೆಜಿ. ಗುಜರಾತಿನ ಪೀಪಾವಾವ್ ಎದುರು ಸಮುದ್ರದಲ್ಲಿ ವಿಂಡ್ ಫಾರ್ಮ್ ಬರಲಿದೆ, ಈಗಿನಿಂದಲೇ ವೆಂಡರ್‌ಗಳನ್ನು ತಯಾರು ಮಾಡುತ್ತಿದ್ದೇವೆ ಎಂದು ಪಾರ್ಟಿ ಹೇಳಿತು. 2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸಮುದ್ರದ ಗಾಳಿ ವಿದ್ಯುತ್ತಿಗೆ 7,453 ಕೋಟಿ ರೂಪಾಯಿಯ ಯೋಜನೆ ಒಪ್ಪಿತ್ತು. ಗುಜರಾತಿಗೆ 500 ಮೆಗಾವ್ಯಾಟ್, ತಮಿಳುನಾಡಿಗೆ 500. ಪೇಪರಿನಲ್ಲಿ ಓದಿದ್ದು ತಲೆಯಲ್ಲಿತ್ತು, ಹುರುಪಿನಲ್ಲಿ ಹೂಂ ಅಂದೆ.

ಡ್ರಾಯಿಂಗ್ ಬಿಚ್ಚಿದ ಮೇಲೆ ಹುರುಪು ಇಳಿಯಿತು. ಜಿಜೆಎಸ್ 400-18-ಎಲ್‌ಟಿ, ಅಂದರೆ ಗ್ರಾಫೈಟ್ ಗುಂಡಗಿರುವ ಎರಕದ ಕಬ್ಬಿಣದ ಎಲ್‌ಟಿ ಗ್ರೇಡ್. ಮೈನಸ್ 20 ಡಿಗ್ರಿಯಲ್ಲಿ ಇಂಪ್ಯಾಕ್ಟ್ ಟೆಸ್ಟ್ (ಸುತ್ತಿಗೆ ಬಿಟ್ಟು ಮುರಿಯಲು ಎಷ್ಟು ಶಕ್ತಿ ಬೇಕು ಎಂದು ನೋಡುವುದು), ಮೂರು ಟೆಸ್ಟ್ ಪೀಸಿನ ಸರಾಸರಿ 12 ಜೂಲ್, ಒಂದೂ 9ಕ್ಕಿಂತ ಇಳಿಯಬಾರದು. ಗುಜರಾತಿನಲ್ಲಿ ಮೈನಸ್ 20 ಎಲ್ಲಿಂದ ಬರಬೇಕು ಅಂತ ಕಬ್ಬಿಣ ಕರಗಿಸುವ ನಮ್ಮ ಮೆಲ್ಟರ್ ನಕ್ಕ. ಡ್ರಾಯಿಂಗ್ ಯುರೋಪಿನದು, ಅದೇ ಪೀಸ್ ಚಳಿ ದೇಶಕ್ಕೂ ಹೋಗುತ್ತದೆ. ಅದೂ ಅಲ್ಲದೆ, ಸಮುದ್ರದ ನಡುವೆ ಹೌಸಿಂಗ್ ಒಡೆದರೆ ಬೋಟು ಬೇಕು, ದೊಡ್ಡ ಪಾರ್ಟಾದರೆ ಸಮುದ್ರದ ತಳಕ್ಕೆ ಕಾಲೂರಿ ನಿಲ್ಲುವ ಕ್ರೇನ್ ಹಡಗೇ ಬೇಕು, ಮೇಲೆ ಅಲೆ ತಗ್ಗುವ ತನಕ ಕಾಯಬೇಕು.

ಮೊದಲ ಹೀಟ್ (ಒಂದು ಸಲ ಕರಗಿಸಿದ್ದಕ್ಕೆ ಹೀಟ್ ಅನ್ನುತ್ತೇವೆ) ನಾವು ಟ್ರ್ಯಾಕ್ಟರ್ ಜಾಬಿಗೆ ಮಾಡುವ ಹಾಗೇ ಮಾಡಿದೆವು. ಫೈನಲ್ ಸಿಲಿಕಾನ್ 2.6 ಪರ್ಸೆಂಟ್. ಟೆನ್ಸೈಲ್ (ಎಳೆದು ನೋಡುವ ಟೆಸ್ಟ್) ಚೆನ್ನಾಗಿ ಬಂತು, ಇಂಪ್ಯಾಕ್ಟ್ ಐದೋ ಆರೋ ಜೂಲ್. ಲ್ಯಾಬಿಗೆ ನಾನೇ ಹೋಗಿದ್ದೆ. ಹುಡುಗ ತಣ್ಣನೆ ಬಾತ್‌ನಿಂದ ಇಕ್ಕಳದಲ್ಲಿ ಪೀಸ್ ಎತ್ತಿ ಐದು ಸೆಕೆಂಡಿನೊಳಗೆ ಸುತ್ತಿಗೆ ಬಿಡುತ್ತಾನೆ. ಮುರಿದ ಮುಖ ನೋಡಿದರೆ ಸಕ್ಕರೆ ಹರಳಿನ ಹಾಗೆ ಮಿಂಚುತ್ತಿತ್ತು. ಅದು ಪೆಡಸಾಗಿ ಒಡೆದ ಗುರುತು, ರಿಪೋರ್ಟ್ ಓದುವುದೇ ಬೇಕಿರಲಿಲ್ಲ.

ಸಿಲಿಕಾನ್ ಜಾಸ್ತಿ ಇದ್ದರೆ ಚಳಿಗೆ ಕಬ್ಬಿಣ ಪೆಡಸಾಗುತ್ತದೆ, ಎರಡನೇ ಸಲ ಅದನ್ನು ಇಳಿಸಿದೆ. ಬೇಸ್ ಮೆಟಲ್‌ನಲ್ಲಿ 1.2 ಹತ್ತಿರ ಇಟ್ಟರೆ, ಗ್ರಾಫೈಟ್ ಗುಂಡಗಾಗಲು ಹಾಕುವ ಮ್ಯಾಗ್ನೀಸಿಯಂ ಅಲಾಯ್ ಮತ್ತು ಗ್ರಾಫೈಟ್ ಚೆನ್ನಾಗಿ ಮೂಡಲು ಹಾಕುವ ಇನಾಕ್ಯುಲಂಟ್ ಸೇರಿ ಕೊನೆಗೆ 2.1 ಆಗುತ್ತದೆ. ಪಿಗ್ ಐರನ್ (ಕರಗಿಸಲು ಹಾಕುವ ಕಚ್ಚಾ ಕಬ್ಬಿಣ) ಬದಲಾಯಿಸಿ ಹೆಚ್ಚು ಶುದ್ಧವಾದ ಸೋರೆಲ್ ತಂದೆ, ಇಲ್ಲದಿದ್ದರೆ ಫಾಸ್ಫರಸ್ 0.03ರ ಕೆಳಗೆ ಬರುವುದಿಲ್ಲ. ಕೆಜಿಗೆ ಎಷ್ಟು ಜಾಸ್ತಿ ಬಿತ್ತು ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ. ಸ್ಕ್ರ್ಯಾಪಿನ ಮ್ಯಾಂಗನೀಸ್ ಕಡಿಮೆ ಮಾಡಲು ಸುಮ್ನೆ ಒಂದು ಪ್ರಯೋಗ ಅಂತ ಟ್ರಾನ್ಸ್‌ಫಾರ್ಮರ್ ಪತ್ತಿ (ಒಳಗಿನ ತೆಳು ಉಕ್ಕಿನ ಹಾಳೆ) ತಂದೆ, ಅರ್ಧ ಟನ್. ಮ್ಯಾಂಗನೀಸ್ ಬಹಳ ಕಡಿಮೆ, ಖುಷಿಯಾಯಿತು. ಆ ಪತ್ತಿಯಲ್ಲೇ ಮೂರು ಪರ್ಸೆಂಟ್ ಸಿಲಿಕಾನ್ ಇರುತ್ತದೆ ಅನ್ನೋದು ಲೋಹದಲ್ಲಿ ಏನೇನಿದೆ ಎಂದು ತೋರಿಸುವ ಸ್ಪೆಕ್ಟ್ರೋ ಮಶೀನು ಹೇಳಿದ ಮೇಲೆ ನೆನಪಾಯಿತು. ಇಪ್ಪತ್ತೆರಡು ವರ್ಷ ಎರಕ ಮಾಡಿದವನು ಮಾಡುವ ತಪ್ಪೇ ಇದು? ಆ ಹೀಟ್‌ನಿಂದ ಮ್ಯಾನ್‌ಹೋಲ್ ಮುಚ್ಚಳ ಹೊಯ್ದೆ. ಈಗ ಡೀಪ್ ಡ್ರಾ ಪ್ರೆಸ್ ಶಾಪಿನ ಸಿಆರ್ (ಕೋಲ್ಡ್ ರೋಲ್ಡ್) ಶೀಟಿನ ಸ್ಕ್ರ್ಯಾಪ್ ಮಾತ್ರ ತೆಗೆದುಕೊಳ್ಳುತ್ತೇನೆ. ಯಾವ ಶಾಪ್ ಅಂತ ಕೇಳಬೇಡಿ.

ಕೆಮಿಸ್ಟ್ರಿ ಸರಿಯಾದ ಮೇಲೂ 8-9 ಜೂಲ್ ದಾಟಲಿಲ್ಲ. ಮೈಕ್ರೋಸ್ಕೋಪಿನಲ್ಲಿ ಪರ್ಲೈಟ್ (ಕಬ್ಬಿಣದೊಳಗಿನ ಗಟ್ಟಿ, ಪೆಡಸು ಭಾಗ) ಇಪ್ಪತ್ತು ಪರ್ಸೆಂಟ್ ತನಕ ಕಾಣುತ್ತಿತ್ತು. ಹೊರಗೆ ಅನೀಲಿಂಗ್ ಮಾಡಿಸಲು ಕೇಳಿದೆ, ಕೆಜಿಗೆ ಹತ್ತು ರೂಪಾಯಿಯ ಹತ್ತಿರ, ಗಾಡಿ ಬಾಡಿಗೆ ಬೇರೆ. ಕೊಟ್ಟರೆ ಜಾಬಿನಲ್ಲಿ ಉಳಿಯುವುದು ಬರೀ ಧೂಳು.

ದಾರಿ ಸಿಕ್ಕಿದ್ದು ಕರೆಂಟ್ ಹೋದ ದಿನ. ಹೊಯ್ದ ಮೇಲೆ ನಾವು ನಾಲ್ಕೈದು ತಾಸಿಗೆ ಮರಳಿನ ಅಚ್ಚಿನ ಬಾಕ್ಸ್ ಬಿಚ್ಚುತ್ತಿದ್ದೆವು. ಅವತ್ತು ಹೊಯ್ಯುವುದು ಮುಗಿಯುತ್ತಲೇ ಕರೆಂಟ್ ಹೋಯಿತು, ಕ್ರೇನ್ ಎತ್ತಲಿಲ್ಲ, ಹುಡುಗರು ಮನೆಗೆ ಹೋದರು. ಮರುದಿನ ಬೆಳಿಗ್ಗೆ ಬಿಚ್ಚಿದ ಪೀಸ್ 13 ಜೂಲ್ ಕೊಟ್ಟಿತು. ಮರಳಿನೊಳಗೇ ನಿಧಾನ ತಣಿದು ಪರ್ಲೈಟ್ ಮೆತ್ತಗಿನ ಫೆರೈಟ್‌ಗೆ ಜಾಗ ಬಿಟ್ಟುಕೊಟ್ಟಿತ್ತು. ಆಮೇಲೆ ಎಲ್ಲ ಪೀಸಿಗೂ ಇಪ್ಪತ್ತು ತಾಸು. ಒಂದು ತೊಂದರೆ, ಬಾಕ್ಸುಗಳು ರಾತ್ರಿಯೆಲ್ಲ ಕಟ್ಟಿಬೀಳುತ್ತವೆ. ಇನ್ನೂ ಎಂಟು ಜೋಡಿ ಬಾಕ್ಸ್ ಮಾಡಿಸಿದೆ, ಒಂದೂವರೆ ಲಕ್ಷದ ಹತ್ತಿರ ಹೋಯಿತು. ಹೆಂಡತಿಯ ಎರಡು ಬಳೆ ಬ್ಯಾಂಕಿಗೆ ಹೋದದ್ದು ಇದಕ್ಕೇ.

ನಡುವೆ ಒಂದು ಲಾಟ್ ಮತ್ತೆ ಫೇಲಾಯಿತು. ಎರಡು ದಿನ ಮೆಟಲ್‌ಗೆ ಬೈದೆ. ತಪ್ಪು ಮೆಟಲ್‌ನದಲ್ಲ. ಇನ್ನೂರು ರೂಪಾಯಿ ಉಳಿಸಲು ಟೆಸ್ಟ್ ಪೀಸಿನ ವಿ-ನಾಚ್ (ಮುರಿಯುವ ಜಾಗದ ಕಚ್ಚು) ಇಲ್ಲೇ ಕೊರೆಸಿದ್ದೆ, ಕಟರ್ ಸರಿಯಿಲ್ಲದೆ ಕಚ್ಚಿನ ತುದಿಯ ರೇಡಿಯಸ್ ಕೆಟ್ಟಿತ್ತು.

ಹೌಸಿಂಗಿನ ಬಾಸ್ (ಉಬ್ಬಿದ ದಪ್ಪ ಭಾಗ) ಕಡೆ ದಪ್ಪ ಸುಮಾರು 130 ಮಿಮೀ. ಅಲ್ಲಿ ಗ್ರಾಫೈಟ್ ಗುಂಡಗೆ ಬರದೆ ಚೂರುಚೂರಾಗಿ ಚಂಕಿ ಆಗುತ್ತಿತ್ತು. ಬೇಗ ತಣಿಯಲಿ ಎಂದು ಅಚ್ಚಿನಲ್ಲಿ ಚಿಲ್ (ಲೋಹದ ತುಂಡು) ಇಟ್ಟೆ, ಮ್ಯಾಗ್ನೀಸಿಯಂ ಟ್ರೀಟ್‌ಮೆಂಟ್ ಆದ ಎಂಟು ನಿಮಿಷದೊಳಗೆ ಹೊಯ್ಯುವ ಹಾಗೆ ಮಾಡಿದೆ, ಇನಾಕ್ಯುಲಂಟ್ ಅರ್ಧ ಭಾಗ ಧಾರೆಯಲ್ಲೇ ಬಿಟ್ಟೆ. ಚಿಟಿಕೆ ಆಂಟಿಮನಿಯೂ ಹಾಕುತ್ತೇನೆ. ಜಾಸ್ತಿ ಆದರೆ ಪರ್ಲೈಟ್ ವಾಪಸ್ ಬರುತ್ತದೆ, ಎಲ್ಲ ಹಾಳು. ಎಷ್ಟು, ಯಾವಾಗ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ.

ಇದರ ಜೊತೆಗೆ ಸಮುದ್ರದ ಉಪ್ಪುಗಾಳಿಗೆ ಯಾವ ಪೇಂಟ್ ತಾಳುತ್ತದೆ ಎಂದು ನೋಡುವ ಹುಚ್ಚೂ ಹಿಡಿಯಿತು. ನಾಲ್ಕು ಪ್ಲೇಟಿಗೆ ಬೇರೆಬೇರೆ ಪ್ರೈಮರ್ ಬಳಿದು ಕಾರವಾರದಲ್ಲಿರುವ ನಮ್ಮ ಅಕ್ಕನ ಮನೆ ಕಂಪೌಂಡಿಗೆ ತೂಗುಹಾಕಿ ಬಂದೆ. ಮಳೆಗಾಲ ಮುಗಿಸಿ ನೋಡಿದರೆ ಝಿಂಕ್ ಪ್ರೈಮರ್ ಮೇಲೆ ಇಪಾಕ್ಸಿ ಹೊಡೆದದ್ದು ಒಂದೇ ಸರಿಯಾಗಿತ್ತು. ಉಳಿದ ಮೂರಕ್ಕೂ ಅಂಚಿನಲ್ಲಿ ಜಂಗು. ಭಾವ ಒಂದನ್ನು ಬಾವಿ ಮುಚ್ಚಲು ಇಟ್ಟುಕೊಂಡಿದ್ದಾರೆ.

ರಿಜೆಕ್ಟ್ ಆದದ್ದು ಒಟ್ಟು ಹನ್ನೊಂದು ಪೀಸ್. ಕಬ್ಬಿಣ ವಾಪಸ್ ಕರಗುತ್ತದೆ, ಕರೆಂಟ್ ಬಿಲ್ಲು, ಲ್ಯಾಬ್ ಫೀ, ಫೆಟ್ಲಿಂಗ್ (ಎರಕ ಕೆರೆದು ಸ್ವಚ್ಛ ಮಾಡುವ) ಕೂಲಿ ಕರಗುವುದಿಲ್ಲ. ಎರಡು ಲಕ್ಷ ದಾಟಿರಬೇಕು. ಈಗ ಸರಾಸರಿ 14 ಜೂಲ್ ಬರುತ್ತಿದೆ, ಮುರಿದ ಮುಖ ಬೂದಿಯ ಹಾಗೆ ಮಂಕು.

ಮುಂದಿನ ಡ್ರಾಯಿಂಗ್ ಬಂದಿದೆ, 640 ಕೆಜಿ. ನನ್ನ ಫರ್ನೇಸ್ 500 ಕೆಜಿಯದು. ಎರಡು ಸಲ ಕರಗಿಸಿ, ಮೊದಲನೆಯದು ಫೇಡ್ ಆಗದ (ಮ್ಯಾಗ್ನೀಸಿಯಂನ ಗುಣ ಇಳಿಯದ) ಹಾಗೆ ಒಂದೇ ಅಚ್ಚಿಗೆ ಹೊಯ್ದವರು ಯಾರಾದರೂ ಇದ್ದರೆ ಹೇಳಿ. ಬದಲಿಗೆ ಆಂಟಿಮನಿಯ ಲೆಕ್ಕ ಹೇಳುತ್ತೇನೆ.