57 ಪರ್ಸೆಂಟ್ ತಗೊಂಡು ಸ್ವಿಟ್ಜರ್ಲೆಂಡಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ್ದು

ಪಿಯುಸಿ ಕಾಮರ್ಸ್‌ನಲ್ಲಿ ನನಗೆ ಬಂದಿದ್ದು 57 ಪರ್ಸೆಂಟ್. ಲುಸೆರ್ನ್‌ನ ಒಂದು ಖಾಸಗಿ ಹೋಟೆಲ್ ಸ್ಕೂಲಿಗೆ ಅಷ್ಟು ಸಾಕಾಯ್ತು. ಅಲ್ಲಿನ ಇಂಥ ಸ್ಕೂಲುಗಳಲ್ಲಿ ಹೆಚ್ಚಿನವು ಮುಖ್ಯವಾಗಿ ಪಿಯುಸಿ ಪಾಸಾಗಿದೆಯಾ, ಇಂಗ್ಲಿಷ್ ಬರುತ್ತಾ ಅಂತ ನೋಡುತ್ತವೆ. 1893ರಲ್ಲಿ ಶುರುವಾದ ಲೋಸಾನ್‌ನ ಇಎಚ್‌ಎಲ್ ಅನ್ನೋ ಹೆಸರಾಂತ ಹೋಟೆಲ್ ಸ್ಕೂಲ್ ಬೇರೆ ಮಾತು, ಅಲ್ಲಿ ಆಯ್ಕೆ ತುಂಬ ಬಿಗಿ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ನನ್ನ ಸ್ಕೋರ್ 9ಕ್ಕೆ 6 ಇತ್ತು.

ನನ್ನ ಕೈಹಿಡಿದಿದ್ದು ಮಾವನ ಹೋಟೆಲ್. ಹಾಸನದಲ್ಲಿ ರಜೆ ಬಂದರೆ ಸಪ್ಲೈ ಮಾಡುತ್ತಿದ್ದೆ, ಗಲ್ಲಾದಲ್ಲಿ ಕೂರುತ್ತಿದ್ದೆ. ಭಾನುವಾರ ಬೆಳಿಗ್ಗೆ ಮಸಾಲೆ ದೋಸೆ ತಡವಾದರೆ ಮೊದಲು ಕಾಫಿ ಕೊಟ್ಟು, ನಿಮಗಿಂತ ಮುಂಚೆ ಇನ್ನೆಷ್ಟು ದೋಸೆ ಇದೆ ಅಂತ ಗಿರಾಕಿಗೆ ನಿಜ ಹೇಳಿಬಿಡುತ್ತಿದ್ದೆ. ಸ್ಕೂಲಿನವರ ಇಂಟರ್ವ್ಯೂನಲ್ಲಿ ಇದನ್ನೇ ಹೇಳಿದೆ, ಆಮೇಲೆ ಮಾರ್ಕ್ಸ್ ಬಗ್ಗೆ ಅವರು ಕೇಳಲೇ ಇಲ್ಲ. ಹಾಗಾಗಿ ಮಾರ್ಕ್ಸ್ ಕಡಿಮೆ ಇದ್ದವರು ಯಾವುದಾದರೂ ಹೋಟೆಲ್‌ನಲ್ಲಿ ಕೆಲವು ತಿಂಗಳು ಕೆಲಸ ಮಾಡಿ, ದರ್ಶಿನಿ ಆದರೂ ಸರಿ.

ವೀಸಾಗೆ ಅಲ್ಲಿನ ಕ್ಯಾಂಟನ್, ಅಂದರೆ ರಾಜ್ಯ ಸರ್ಕಾರ, ಒಪ್ಪಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಯಾಕೆ ಈ ಕೋರ್ಸ್, ಮುಗಿದ ಮೇಲೆ ಏನು ಮಾಡ್ತೀರಿ ಅಂತ ಪತ್ರ ಬರೆದುಕೊಡಬೇಕು. ಏಜೆಂಟ್ ಕೊಡೋ ನಮೂನೆ ಬೇಡ, ನಿಮ್ಮದೇ ಮಾತಲ್ಲಿ ಬರೆಯಿರಿ. ಓದಿನ ಸಾಲ 7.5 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕ್ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತೆ, ನಮ್ಮದು ಮನೆಯನ್ನೇ ಇಟ್ಟಿದ್ದು.

ಮೊದಲ ಸೆಮಿಸ್ಟರ್ ಪೂರ್ತಿ ಕೈಕೆಲಸ. ವೈನ್ ಗ್ಲಾಸನ್ನು ಬಿಸಿನೀರಿನ ಹಬೆಗೆ ಹಿಡಿದು, ಬೆರಳು ತಾಗದ ಹಾಗೆ ಬಟ್ಟೆಯಲ್ಲೇ ಬುಡ ಹಿಡಿದು ಒರೆಸಿ, ದೀಪಕ್ಕೆ ಎತ್ತಿ ನೋಡಬೇಕು, ಒಂದು ಕಲೆ ಕಂಡರೂ ಪೂರ್ತಿ ಟ್ರೇ ವಾಪಸ್. ಪಿಯುಸಿಯಲ್ಲಿ ಟಾಪರ್ ಆಗಿದ್ದವರಿಗೂ ನನಗೂ ಅಲ್ಲಿ ಒಂದೇ ಲೆಕ್ಕ.

ಆಮೇಲೆ ಎಂಗೆಲ್‌ಬರ್ಗ್‌ನಲ್ಲಿ ಇಂಟರ್ನ್‌ಶಿಪ್. ಟಿಟ್ಲಿಸ್ ಬೆಟ್ಟ ನೋಡೋಕೆ ಬರೋ ನಮ್ಮವರು ಅಲ್ಲಿ ಜಾಸ್ತಿ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಕೇಳಿದವರ ಮಾತನ್ನು ಅಡುಗೆಮನೆಗೆ ಸರಿಯಾಗಿ ಮುಟ್ಟಿಸೋಕೆ ನನ್ನನ್ನೇ ಕರೆಯುತ್ತಿದ್ದರು. ಹೋಟೆಲ್ ಉದ್ಯಮದ ಒಪ್ಪಂದದ ಪ್ರಕಾರ ಇಂಟರ್ನ್‌ಗೂ ತಿಂಗಳಿಗೆ 2,000 ಫ್ರಾಂಕ್‌ಗಿಂತ ಜಾಸ್ತಿ ಸಂಬಳ ಇದೆ. ರೂಮು, ಊಟ, ವಿಮೆ ಕಳೆದರೆ ಕೈಗೆ ಬರೋದು ತೀರಾ ಕಡಿಮೆ.

ಓದು ಮುಗಿದ ಮೇಲೆ ಅಲ್ಲೇ ಉಳಿಯೋದು ತುಂಬಾ ಕಷ್ಟ. ಈ ಕೆಲಸಕ್ಕೆ ಸ್ವಿಸ್ ಅಥವಾ ಯುರೋಪ್ ಒಕ್ಕೂಟದವರು ಸಿಗಲಿಲ್ಲ ಅಂತ ಹೋಟೆಲ್‌ನವರು ತೋರಿಸಬೇಕು, ಹೊಸಬರಿಗೋಸ್ಕರ ಯಾರು ಅಷ್ಟು ಓಡಾಡ್ತಾರೆ? ನಾನು ದುಬೈನಲ್ಲಿ ಹೋಟೆಲ್ ಫ್ರಂಟ್ ಆಫೀಸ್, ಅಂದರೆ ರಿಸೆಪ್ಷನ್ ಕೆಲಸಕ್ಕೆ ಸೇರಿದೆ, ಸಾಲ ತೀರಿಸುತ್ತಿರೋದು ಅಲ್ಲಿನ ಸಂಬಳದಲ್ಲಿ. ಕಂತಿನ ಲೆಕ್ಕ ಹಾಕುವಾಗ ಸ್ವಿಸ್ ಸಂಬಳ ನಂಬಿಕೊಳ್ಳಬೇಡಿ, ಬೆಂಗಳೂರು ಅಥವಾ ಗಲ್ಫ್ ಸಂಬಳ ಇಟ್ಟುಕೊಂಡು ನೋಡಿ.